ಉಪ್ಪು ನೀರಿನ ಕರೆ: ಕೋಲಾರದ ಆಸಿಡ್, ಮ್ಯೂನಿಕ್‌ನ ಹುಳಿ

ಹನ್ನೊಂದು ವರ್ಷಗಳಿಂದ ಮ್ಯೂನಿಕ್‌ನಲ್ಲಿ ನೆಲೆಸಿರುವ ನನಗೆ, ಈ ಊರಿಗೂ ನನ್ನ ಹುಟ್ಟೂರಾದ ಕೋಲಾರಕ್ಕೂ ಇರುವ ಹೋಲಿಕೆ ಮೊದಲು ಕಂಡದ್ದು ಕಕ್ಕಸಿನ ಬೋಗುಣಿಯಲ್ಲಿ. ಎರಡೂ ಕಡೆ ನೀರು ಗಡಸು, ಅಂದರೆ ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಕೋಲಾರದಲ್ಲಿ ಅದು ಕೊಳವೆಬಾವಿಯ ಆಳದಿಂದ ಬರುವ, ನಾವು ಉಪ್ಪು ನೀರೆಂದೇ ಕರೆಯುವ ನೀರು. ಮ್ಯೂನಿಕ್‌ಗೆ 1883ರಿಂದ ಮಾಂಗ್‌ಫಾಲ್ ಕಣಿವೆಯ ನೀರು ಬರುತ್ತಿದೆ. ಆಲ್ಪ್ಸ್ ತಪ್ಪಲಿನ ಸುಣ್ಣಕಲ್ಲಿನ ಜಲ್ಲಿಯಲ್ಲಿ ಇಳಿದು ಬರುವ ಈ ನೀರು ಕುಡಿಯಲು ಬಹಳ ಸೊಗಸು, ಆದರೆ ಜರ್ಮನರ ಅಳತೆಯಲ್ಲಿ 14 ಡಿಗ್ರಿಯನ್ನು ಮೀರಿದ ‘ಗಡಸು’ ವರ್ಗಕ್ಕೆ ಸೇರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಆ 14 ಡಿಗ್ರಿ ಎಂದರೆ ಲೀಟರಿಗೆ ಸುಮಾರು 250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಲವಣ. ಭಾರತೀಯ ಮಾನಕದಲ್ಲಿ 200 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಸಹಿಸಬಹುದು.

ಹೀಗೆ ಗಡಸು ನೀರಿನಿಂದ ಬೋಗುಣಿಯಲ್ಲಿ ಕರೆ (ಕಲೆ) ಕಟ್ಟುವ ರೋಗ ಒಂದೇ ಆದರೂ ಎರಡೂ ಊರುಗಳ ಮದ್ದು ಬೇರೆ ಬೇರೆ, ಮತ್ತು ಆಸಿಡ್ ಎಂಬ ನಮ್ಮ ಮದ್ದನ್ನು ನಾವು ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬೋಗುಣಿಯಲ್ಲಿ ನೀರು ನಿಲ್ಲುವ ಗೆರೆಯಲ್ಲೂ ಅಂಚಿನ ಒಳಮಗ್ಗುಲಲ್ಲೂ ಕಟ್ಟುವ ಹಳದಿ, ಕಂದು ಪದರವನ್ನು ನಾವು ಕೊಳೆ ಎಂದುಕೊಳ್ಳುತ್ತೇವೆ. ವಾಸ್ತವವಾಗಿ ಅದು ಕಲ್ಲು. ನೀರಿನ ಸುಣ್ಣವೂ ಮೂತ್ರದ ಲವಣಗಳೂ ಸೇರಿ ಗಟ್ಟಿಯಾದ ಈ ಒರಟು ಪದರಕ್ಕೆ ಬಣ್ಣ ಆಮೇಲೆ ಹತ್ತುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೆ ಬಣ್ಣ ತಿಳಿಯಾಗುತ್ತದೆಯೇ ಹೊರತು ಕಲ್ಲು ಕದಲುವುದಿಲ್ಲ, ಹಾಗಾಗಿ ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಅದೇ ಕಲೆ ಮರಳುತ್ತದೆ. ಸುಣ್ಣವನ್ನು ಕರಗಿಸುವುದು ಹುಳಿ, ಅಂದರೆ ಆಮ್ಲ. ಹಿತ್ತಾಳೆ ಕೊಡ, ತಾಮ್ರದ ಚೊಂಬುಗಳನ್ನು ಹುಣಸೆಹಣ್ಣಿನಿಂದ ಬೆಳಗುವ ನಮ್ಮ ಮನೆಗಳಿಗೆ ಹುಳಿಯ ಗುಣ ಹೊಸದೇನಲ್ಲ.

ಆದರೂ ಕಕ್ಕಸಿನ ಮಾತು ಬಂದಾಗ ನಾವು ಬಹಳ ಉಗ್ರವಾದ ಹುಳಿಯಾದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕೈಹಾಕುತ್ತೇವೆ. ನನ್ನ ಬಾಲ್ಯದಲ್ಲಿ ಅದು ಲೇಬಲ್ಲಿಲ್ಲದ ಬಾಟಲಿಯಲ್ಲಿ ಬರುತ್ತಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಆಸಿಡ್ ಸುರಿದು, ಬುಸುಗುಟ್ಟುವ ಹೊಗೆಯಿಂದ ಹೊರಗೋಡಿ ಬಂದು, ಹಿತ್ತಿಲಿನ ಕಲ್ಲಿನ ಮೇಲೆ ಕುಳಿತು ಕೆಮ್ಮುತ್ತಿದ್ದರು. ಒಮ್ಮೆ ಇನ್ನೂ ಬೆಳ್ಳಗಾಗಲೆಂದು ನಾವೇ ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಲು ಹೇಳಿದೆವು. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆಂಬುದು ಆಗ ನಮಗೆ ಗೊತ್ತಿರಲಿಲ್ಲ. ಎರಡು ದಿನ ಅವರಿಗೆ ಸರಿಯಾಗಿ ಉಸಿರಾಡಲಾಗಲಿಲ್ಲ. ಆ ತಪ್ಪು ನಮ್ಮದು. 2013ರಲ್ಲಿ ಸುಪ್ರೀಂ ಕೋರ್ಟ್ ಬಿಡಿ ಆಸಿಡ್ ಮಾರಾಟಕ್ಕೆ ಕಟ್ಟುಪಾಡುಗಳನ್ನು ಹಾಕಿತಾದರೂ, ಆಸಿಡ್ ಇಲ್ಲದೆ ಕಕ್ಕಸು ಶುಚಿಯಾಗದೆಂಬ ನಂಬಿಕೆ ಮನೆಗಳಿಂದ ಇನ್ನೂ ಹೋಗಿಲ್ಲ. ಆ ಹೊಗೆಗೆ ಪಕ್ಕದ ನಲ್ಲಿಯ ಹೊಳಪು ಕಪ್ಪಾಗುತ್ತದೆ, ಟೈಲ್ಸ್ ಸಂದಿಯ ಸಿಮೆಂಟು ಸವೆಯುತ್ತದೆ.

ಇಲ್ಲಿ ಮ್ಯೂನಿಕ್‌ನಲ್ಲಿ ಮನೆಯ ಕಕ್ಕಸನ್ನು ಸಾಮಾನ್ಯವಾಗಿ ಮನೆಯವರೇ ತೊಳೆಯುತ್ತಾರೆ. ಬ್ರಷ್ ಪಕ್ಕದಲ್ಲೇ ಇರುತ್ತದೆ. ಬಳಸಿದವರೇ, ಅತಿಥಿಗಳಾದರೂ ಸರಿ, ಒಮ್ಮೆ ಉಜ್ಜಿ ಹೊರಬರಬೇಕೆಂಬುದು ರೂಢಿ. ತಾನೇ ಬಗ್ಗಿ ಉಜ್ಜಬೇಕಾದವನು ತನ್ನ ಉಸಿರಿಗೆ ಕುತ್ತು ತರುವ ಮದ್ದನ್ನು ಸಹಜವಾಗಿಯೇ ಆರಿಸಿಕೊಳ್ಳುವುದಿಲ್ಲ ಎಂದು ನನಗೆ ಅನಿಸುತ್ತದೆ. ಅಂಗಡಿಯಲ್ಲಿ ಸಿಟ್ರಿಕ್ ಆಮ್ಲದ ಪುಡಿಯೂ ಶೇಕಡಾ 25ರ ಗಾಢ ವಿನೆಗರ್ ಕೂಡ ದಿನಸಿಯ ಜೊತೆಯಲ್ಲೇ ಸಿಗುತ್ತವೆ. ಕೀಲಿಕೈ ಒಪ್ಪಿಸುವ ದಿನ ನನ್ನ ಮೊದಲ ಮನೆಯೊಡತಿ ಬೋಗುಣಿಯ ಅಂಚಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ನೋಡಿ, ಅಲ್ಲಿದ್ದ ಕರೆಯನ್ನು ತೋರಿಸಿ, ಬಾಡಿಗೆದಾರನೆಂದು ಗದರದೆ ವಿಧಾನವನ್ನು ಹೇಳಿಕೊಟ್ಟರು: ನೀರಿನ ಕವಾಟ ಮುಚ್ಚಿ, ಬೋಗುಣಿಯ ನೀರನ್ನು ಬ್ರಷ್ಷಿನಿಂದ ಒಳಕ್ಕೆ ತಳ್ಳಿ, ಟಿಶ್ಯೂ ಕಾಗದವನ್ನು ಹುಳಿನೀರಿನಲ್ಲಿ ನೆನೆಸಿ ಅಂಚಿನ ಕೆಳಗೆ ಅಂಟಿಸಿ ರಾತ್ರಿಯಿಡೀ ಬಿಡಬೇಕು. ಸಿಟ್ರಿಕ್ ಆಮ್ಲವನ್ನು ತಣ್ಣೀರಿನಲ್ಲೇ ಕಲಸಬೇಕು. ಬಿಸಿಯಾದರೆ ಅದು ಸುಣ್ಣದೊಡನೆ ಸೇರಿ ಸುಲಭವಾಗಿ ಕರಗದ ಇನ್ನೊಂದು ಲವಣವಾಗಿ ಅಲ್ಲೇ ಕೂರುತ್ತದೆ.

ಜರ್ಮನರದ್ದೆಲ್ಲ ಮೇಲು ಎಂದು ನಾನು ಹೇಳುತ್ತಿಲ್ಲ. ಇಲ್ಲಿನ ಹಳೆಯ ಮನೆಗಳ ಬೋಗುಣಿಯಲ್ಲಿ ಜಗಲಿಯಂತಹ ಸಪಾಟು ಭಾಗವಿದ್ದು, ಕರೆ ಕಟ್ಟುವುದೇ ಅಲ್ಲಿ. ನಮ್ಮ ಕುಕ್ಕರಗಾಲಿನ ಕಕ್ಕಸಿನಲ್ಲಿ ಬಕೆಟ್ಟಿನಿಂದ ರಭಸವಾಗಿ ಸುರಿದ ನೀರು ಅದಕ್ಕಿಂತ ಚೆನ್ನಾಗಿ ತೊಳೆದುಕೊಂಡು ಹೋಗುತ್ತದೆ.

ಕಳೆದ ಜನವರಿಯಲ್ಲಿ ಊರಿಗೆ ಹೋದಾಗ, ಇಪ್ಪತ್ತು ವರ್ಷದ ಕರೆ ಹೊತ್ತ ನಮ್ಮ ಮನೆಯ ಕಮೋಡಿಗೆ ಇದೇ ವಿಧಾನ ಮಾಡಿದೆ. ಮೊದಲ ಬೆಳಿಗ್ಗೆ ಮೇಲುಪದರ ಮೊಟ್ಟೆಯ ಸಿಪ್ಪೆಯಂತೆ ಚೂರುಚೂರಾಗಿ ಬಿಟ್ಟಿತು, ಒಳಪದರ ಮೆತ್ತಗಾಗಿತ್ತು. ತಂತಿಯ ಉಜ್ಜುಗವನ್ನು ಅತ್ತಿಗೆ ತಂದುಕೊಟ್ಟರೂ ಬೇಡವೆಂದೆ, ಏಕೆಂದರೆ ಪಿಂಗಾಣಿಯ ಹೊಳಪಿನ ಮೇಲೆ ಗೀರು ಬಿದ್ದರೆ ಮುಂದಿನ ಕರೆ ಅದನ್ನೇ ಹಿಡಿದುಕೊಂಡು ಬೇಗ ಬೆಳೆಯುತ್ತದೆ. ಮೂರನೆಯ ರಾತ್ರಿಯ ನಂತರ ಬಿಳಿ ಬಣ್ಣ ಕಂಡಿತು. ಹಿಂಬದಿಯಲ್ಲಿ ಬೆರಳಗಲದ ಕಂದು ಗೀಟೊಂದು ಮಾತ್ರ ಉಳಿಯಿತು. ಫ್ಲಶ್ ಟ್ಯಾಂಕಿನ ವಾಷರ್ ಸವೆದು ಹಗಲಿರುಳು ಅಲ್ಲಿ ನೀರು ಜಿನುಗುತ್ತಿತ್ತು. ವಾಷರ್ ಬದಲಿಸಿದ ಮೇಲೆ ಅದಕ್ಕೂ ಕಾಗದ ಅಂಟಿಸಿದೆವು. ಆ ರಾತ್ರಿ ಹುಳಿನೀರು ಕಲಸಿದವರು ಅತ್ತಿಗೆ.