ಆ ನೀಲಿ ಗುರುತಿನ ಜಾಗ ಯಾಕೆ ಅಷ್ಟು ಅಗಲ

ಆಸ್ಪತ್ರೆ, ಮಾಲ್, ದೊಡ್ಡ ಬಟ್ಟೆ ಅಂಗಡಿಗಳ ಪಾರ್ಕಿಂಗ್‌ನಲ್ಲಿ ನೆಲಕ್ಕೆ ನೀಲಿ ಬಣ್ಣ ಬಳಿದು ಗಾಲಿಕುರ್ಚಿಯ ಚಿತ್ರ ಬರೆದ ಜಾಗ ನೋಡಿರುತ್ತೀರಿ. ಅಂಗವಿಕಲರು ಜಾಸ್ತಿ ನಡೆಯಬಾರದು ಅಂತ ಬಾಗಿಲ ಹತ್ತಿರ ಕೊಟ್ಟ ಜಾಗ ಅದು, ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಅರ್ಧ ನಿಜ. ಇನ್ನರ್ಧ ಗೊತ್ತಿಲ್ಲದೆ ಇರುವುದರಿಂದಲೇ ಮೈಸೂರಿನಲ್ಲಿ ಆ ಜಾಗ ಇದ್ದೂ ಇಲ್ಲದ ಹಾಗಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮಾಮೂಲಿ ಕಾರಿಗೆ 2.5 ಮೀಟರ್ ಅಗಲದ ಜಾಗ ಸಾಕು. ಅಂಗವಿಕಲರ ಕಾರಿಗೆ ಕನಿಷ್ಠ 3.6 ಮೀಟರ್ ಬಿಡಬೇಕು. ಅಂತಹ ಎರಡು ಜಾಗ, ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗೆ ಇರಬೇಕು. 30 ಮೀಟರ್ ಸರಿ, ದೂರದ ಲೆಕ್ಕ. ಆ ಒಂದು ಮೀಟರ್ ಚಿಲ್ಲರೆ ಹೆಚ್ಚಿನ ಅಗಲ ಯಾಕೆ? ಕಾರಿನ ಬಾಗಿಲು ಪೂರ್ತಿ ತೆಗೆಯಬೇಕು. ಡಿಕ್ಕಿಯಿಂದ ಗಾಲಿಕುರ್ಚಿ ಇಳಿಸಿ, ಬಿಚ್ಚಿ, ಸೀಟಿನ ಪಕ್ಕಕ್ಕೆ ತಂದು ನಿಲ್ಲಿಸಬೇಕು. ಒಳಗೆ ಕೂತವರು ಕೈಯೂರಿ ಸೀಟಿನಿಂದ ಕುರ್ಚಿಗೆ ಸರಿಯಬೇಕು. ಪಕ್ಕದಲ್ಲಿ ಇನ್ನೊಂದು ಗಾಡಿ ಒತ್ತಿಕೊಂಡು ನಿಂತಿದ್ದರೆ ಇದ್ಯಾವುದೂ ಆಗಲ್ಲ. ದೂರದಲ್ಲಿ ಜಾಗ ಸಿಕ್ಕರೆ ಹೇಗೋ ತಳ್ಳಿಸಿಕೊಂಡಾದರೂ ಬರಬಹುದು. ಅಗಲ ಸಿಗದಿದ್ದರೆ ಕಾರಿನಿಂದ ಇಳಿಯುವುದಕ್ಕೇ ಆಗಲ್ಲ. ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗಬೇಕು.

ಹಾಗಾಗಿ ಆ ಜಾಗದ ಪಕ್ಕದಲ್ಲಿ ಗೆರೆ ಎಳೆದು ಖಾಲಿ ಬಿಟ್ಟ ಪಟ್ಟಿ ಇರುತ್ತದಲ್ಲ, ಅದು ಮಿಕ್ಕಿದ ಜಾಗ ಅಲ್ಲ. ಅಲ್ಲಿ ಬೈಕ್ ತೂರಿಸುವವರು 'ಕಾರಿಗೆ ಜಾಗ ಬಿಟ್ಟೇ ಹಾಕಿದೀನಲ್ಲ ಮೇಡಂ' ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಅಷ್ಟೆ.

ನನ್ನ ವಿಷಯ ಹೇಳುತ್ತೇನೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ನನ್ನ ಎಡಗಾಲಿಗೆ ಶಕ್ತಿ ಇಲ್ಲ. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿಕೊಂಡು, ಊರುಗೋಲು ಹಿಡಿದು ನಡೆಯುತ್ತೇನೆ. ಹಿಂದೆ ಎರಡು ಚಕ್ರ ಸೇರಿಸಿದ ಸ್ಕೂಟರ್ ಓಡಿಸುತ್ತೇನೆ. ಗಾಡಿ ಹತ್ತುವಾಗ ಮೊದಲು ಊರುಗೋಲು ಒರಗಿಸಬೇಕು. ಬಲಗಾಲಿನ ಮೇಲೆ ನಿಂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು ಸೀಟಿನ ಮೇಲೆ ಕೂರಬೇಕು. ಆಗ ಎಡಗಾಲು ನೆಟ್ಟಗೆ ಹೊರಗೆ ಚಾಚಿಕೊಂಡಿರುತ್ತದೆ. ಮಂಡಿಯ ಹತ್ತಿರ ಕ್ಯಾಲಿಪರ್‌ನ ಲಾಕ್ ಬಿಚ್ಚಿದರೆ ಮಾತ್ರ ಅದು ಮಡಚುತ್ತದೆ. ಆಮೇಲೆ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳಬೇಕು. ಇಷ್ಟಕ್ಕೆ ಗಾಡಿಯ ಎಡಗಡೆ ಒಂದು ಕಾಲು ಚಾಚುವಷ್ಟು ಜಾಗ ಖಾಲಿ ಬೇಕೇ ಬೇಕು.

ಒಂದು ಶನಿವಾರ ಸಂಜೆ ದೇವರಾಜ ಅರಸು ರಸ್ತೆಯಲ್ಲಿ ಸೀರೆಗೆ ಫಾಲ್ಸ್ ಹಾಕಿಸಿಕೊಂಡು ಬರುವಷ್ಟರಲ್ಲಿ ನನ್ನ ಗಾಡಿಯ ಎರಡೂ ಕಡೆ ಬೈಕ್ ಬಂದಿದ್ದವು. ಎರಡಕ್ಕೂ ಹ್ಯಾಂಡಲ್ ಲಾಕ್. ನನ್ನ ಸೈಡ್ ಚಕ್ರಕ್ಕೆ ಒಂದರ ಸ್ಟ್ಯಾಂಡ್ ತಗುಲಿಕೊಂಡಿತ್ತು. ಹೂ ಮಾರುವ ಅಮ್ಮ ತಾವು ಕೂತಿದ್ದ ಮಣೆ ಕೊಟ್ಟು 'ಕೂತ್ಕೊ ಮಗಳೇ, ಎಷ್ಟೊತ್ತು ಅಂತ ನಿಲ್ತೀಯ' ಅಂದರು. ಮಣೆ ಮೇಲೆ ಕೂತರೆ ನನಗೆ ಏಳಲು ಆಗಲ್ಲ, ಹಾಗಾಗಿ ಗೋಡೆಗೆ ಒರಗಿ ನಿಂತೆ. ತುಂಬಾ ಹೊತ್ತಾದ ಮೇಲೆ ಬೈಕಿನ ಹುಡುಗ ಓಡಿ ಬಂದ. 'ಸಾರಿ ಅಕ್ಕ, ಜಾಗ ಇತ್ತಲ್ಲ ಅಂತ ಹಾಕ್ದೆ. ಬನ್ನಿ, ನಾನೇ ಎತ್ತಿ ಕೂರಿಸ್ತೀನಿ' ಅಂದ. 'ಬೇಡಪ್ಪ, ಬೈಕ್ ಎತ್ತು ಸಾಕು' ಅಂದೆ.

ಆ ಹುಡುಗ ಒಳ್ಳೆಯವನು. ನಮ್ಮ ಊರಿನ ಜನ ಒಳ್ಳೆಯವರೇ. ನನ್ನನ್ನು ಎತ್ತಿ ಕೂರಿಸಲು ಹತ್ತು ಜನ ಬರುತ್ತಾರೆ. ನಾನೇ ಕೂರುವಷ್ಟು ಜಾಗ ಬಿಡುವುದು ಮಾತ್ರ ಯಾರಿಗೂ ಹೊಳೆಯಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗುವುದು ಇದಕ್ಕೇ.

ಇನ್ನೊಂದು ವಿಷಯ ನೋಡಿ. ಸಂಹಿತೆ ಮಾತಾಡುವುದು ಕಾರಿನ ಬಗ್ಗೆ. ಮೈಸೂರು, ಮಂಡ್ಯ ಕಡೆ ಕಾಲಿಗೆ ತೊಂದರೆ ಇರುವವರಲ್ಲಿ ಕಾರು ಇರುವವರು ಎಷ್ಟು ಜನ? ನಾನು ನೋಡಿದ ಬಹುತೇಕರು ನನ್ನ ಹಾಗೆ ಸೈಡ್ ವೀಲ್ ಸ್ಕೂಟರ್‌ನವರೇ. ಇಲಾಖೆಯಿಂದ, ಶಾಸಕರ, ಸಂಸದರ ಅನುದಾನದಿಂದ ಸಾಲಾಗಿ ನಿಲ್ಲಿಸಿ, ಹಾರ ಹಾಕಿ, ಫೋಟೋ ತೆಗೆಸಿ ಕೊಡುವುದೂ ಇದೇ ಗಾಡಿ. ಕೊಡುವುದು ತುಂಬಾ ಒಳ್ಳೆಯ ಕೆಲಸ. ಎಷ್ಟೋ ಜನರ ಬದುಕು ಆ ಗಾಡಿಯಿಂದ ಬದಲಾಗಿದೆ. ಆದರೆ ಅದು ಬೈಕಿನ ಸಾಲಿನಲ್ಲಿ ಹಿಡಿಸಲ್ಲ, ಕಾರಿನ ಸಾಲಿನಲ್ಲಿ ಬಿಡಲ್ಲ. 'ಸ್ಕೂಟರ್ ಅಲ್ವಾ, ಬೇಸ್‌ಮೆಂಟ್‌ಗೆ ಹಾಕಿ' ಅನ್ನುತ್ತಾರೆ. ಬೇಸ್‌ಮೆಂಟ್‌ನಿಂದ ಮೇಲೆ ಬರಲು ಮೆಟ್ಟಿಲು. ಗಾಡಿ ಕೊಟ್ಟವರು ಅದನ್ನು ಎಲ್ಲಿ ನಿಲ್ಲಿಸಬೇಕು ಅಂತಲೂ ಯೋಚಿಸಬೇಕಲ್ವಾ?

ಈಗ ಆ ಚಿತ್ರದ ಬಗ್ಗೆ. ಗಾಲಿಕುರ್ಚಿಯ ಆ ಗುರುತನ್ನು 1968ರಲ್ಲಿ ಸುಸಾನ್ ಕೋಫೋಡ್ ಅನ್ನುವ ಡೆನ್ಮಾರ್ಕ್‌ನ ವಿದ್ಯಾರ್ಥಿನಿ ಬರೆದರು. ಅವರು ಬರೆದಾಗ ಬರೀ ಕುರ್ಚಿ ಇತ್ತು, ತಲೆಯ ವೃತ್ತ ಆಮೇಲೆ ಸೇರಿದ್ದು. ಪ್ರಪಂಚದಲ್ಲಿ ಎಲ್ಲಿ ಹೋದರೂ ಗೊತ್ತಾಗುವ ಗುರುತು ಅದು, ಅದಕ್ಕೆ ದೊಡ್ಡ ಗೌರವ ಸಲ್ಲಬೇಕು. ಆದರೆ ನೋಡುವವರ ಕಣ್ಣು ಕುರ್ಚಿಯನ್ನೇ ಹುಡುಕುತ್ತದೆ. ಕುರ್ಚಿ ಇಲ್ಲ, ಊರುಗೋಲಿಲ್ಲ ಅಂದರೆ ಅನುಮಾನ.

ನನ್ನ ಗೆಳತಿಯೊಬ್ಬಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮಿದುಳು, ಬೆನ್ನುಹುರಿಯ ನರಗಳ ಮೇಲಿನ ಹೊದಿಕೆ ಹಾಳಾಗುತ್ತಾ ಹೋಗುವ ಕಾಯಿಲೆ. ಬೆಳಿಗ್ಗೆ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಬಿಸಿಲು ಏರಿದ ಹಾಗೆ ಕಾಲು ಮಾತು ಕೇಳಲ್ಲ, ಕಣ್ಣು ಮಂಜಾಗುತ್ತದೆ. ಮೈ ಬಿಸಿಯಾದರೆ ತೊಂದರೆ ಜಾಸ್ತಿಯಾಗುವುದು ಈ ಕಾಯಿಲೆಯ ಗುಣ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಂಡ್ಯದ ಬಿಸಿಲು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಅವಳು ಅಲ್ಲಿನ ಒಂದು ದೊಡ್ಡ ಅಂಗಡಿಯ ಮುಂದೆ ನೀಲಿ ಜಾಗದಲ್ಲಿ ಕಾರು ನಿಲ್ಲಿಸಿ ಇಳಿದಳು. ಸೆಕ್ಯೂರಿಟಿಯವರು ಬಂದು 'ಮೇಡಂ, ಇದು ಹ್ಯಾಂಡಿಕ್ಯಾಪ್‌ನೋರ್ಗೆ' ಅಂದರು. ಕಾರ್ಡ್ ತೋರಿಸಿದಳು. ಅವರು ಕಾರ್ಡ್ ನೋಡಲಿಲ್ಲ, ಇವಳ ಕಾಲು ನೋಡಿದರು. 'ಚೆನ್ನಾಗೇ ನಡೀತಿದ್ದೀರಲ್ಲ' ಅಂದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಒಬ್ಬರು ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿದರು. ಅವರ ಪ್ರಕಾರ ಅವರು ಅಂಗವಿಕಲರ ಪರವಾಗಿ ಹೋರಾಡುತ್ತಿದ್ದರು. ಗೆಳತಿ ಅವತ್ತು ಏನೂ ಕೊಳ್ಳದೆ ಮನೆಗೆ ಹೋದಳು. ಈಗ ಸುಮ್ನೆ ದೂರದಲ್ಲಿ ನಿಲ್ಲಿಸಿ, ನಡುವೆ ಎಲ್ಲಾದರೂ ಕೂತು ಸುಧಾರಿಸಿಕೊಂಡು ಹೋಗುತ್ತಾಳೆ.

ನನ್ನನ್ನು ಯಾರೂ ಹಾಗೆ ಕೇಳಲ್ಲ. ನನ್ನ ಕ್ಯಾಲಿಪರ್ ದೂರದಿಂದಲೇ ಕಾಣುತ್ತದೆ. ಪೋಲಿಯೋ ಆದ ನನ್ನ ವಯಸ್ಸಿನವರನ್ನು ನೋಡಿ ನೋಡಿ ಅಂಗವಿಕಲರು ಅಂದರೆ ಹೀಗೆ ಇರುತ್ತಾರೆ ಅಂತ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಭಾರತದಲ್ಲಿ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ದೇಶ ಪೋಲಿಯೋಮುಕ್ತ ಆಯಿತು. ನಮ್ಮ ತಲೆಮಾರಿಗೆ ಇದು ಮುಗಿಯುತ್ತದೆ, ಅದಕ್ಕಿಂತ ಸಂತೋಷದ ವಿಷಯ ಇಲ್ಲ. ಆದರೆ ಅಂಗವೈಕಲ್ಯ ಮುಗಿಯಲ್ಲ. ಅಂಗವಿಕಲರ ಹಕ್ಕುಗಳಿಗಾಗಿ ಮಾಡಿದ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಇದೆ. ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್, ಆಟಿಸಂ, ಮಾನಸಿಕ ಕಾಯಿಲೆ ಎಲ್ಲ ಅದರಲ್ಲಿವೆ. ಇವುಗಳಲ್ಲಿ ಹೆಚ್ಚಿನವು ನಿಂತು ನೋಡಿದರೆ ಕಾಣಿಸುವಂಥವಲ್ಲ. ಕಾಯ್ದೆ ಬದಲಾಗಿದೆ. ಗೇಟಿನ ಹತ್ತಿರ ನಿಂತವರ ಕಣ್ಣಿಗೆ ಯಾರಾದರೂ ಹೇಳಬೇಕಲ್ಲ?

ಹಾಗಾದರೆ ಯಾರು ಬೇಕಾದರೂ ನಿಲ್ಲಿಸಲಿ ಅಂತ ಅಲ್ಲ. ಕಾರಿನ ಗಾಜಿಗೆ ಅಂಟಿಸುವ ಗಾಲಿಕುರ್ಚಿ ಸ್ಟಿಕ್ಕರ್ ಅಂಗಡಿಯಲ್ಲಿ ಯಾರು ಕೇಳಿದರೂ ಸಿಗುತ್ತದೆ. ಅಜ್ಜಿಗಾಗಿ ಅಂಟಿಸಿದ ಸ್ಟಿಕ್ಕರ್ ಇಟ್ಟುಕೊಂಡು ಮೊಮ್ಮಗ ಒಬ್ಬನೇ ಸಿನಿಮಾಕ್ಕೆ ಬಂದು ಆ ಜಾಗದಲ್ಲಿ ನಿಲ್ಲಿಸುತ್ತಾನೆ. ಸುಳ್ಳು ಹೇಳಿ ಅಂಗವಿಕಲರ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ 2016ರ ಕಾಯ್ದೆಯಲ್ಲೇ ಇದೆ. ಕಾನೂನು ಇಲ್ಲದೆ ಅಲ್ಲ, ಪರವಾನಗಿಯ ಪದ್ಧತಿ ಇಲ್ಲದೆ ಹೀಗಾಗಿದೆ.

ಬ್ರಿಟನ್‌ನಲ್ಲಿ ಬ್ಲೂ ಬ್ಯಾಡ್ಜ್ ಅಂತ ಇದೆ. ಅದನ್ನು ಕೊಡುವುದು ವ್ಯಕ್ತಿಗೆ, ಕಾರಿಗಲ್ಲ. ಅವರು ಯಾರ ಕಾರಿನಲ್ಲಿ ಬಂದರೂ ಬ್ಯಾಡ್ಜ್ ಮುಂದೆ ಇಟ್ಟರೆ ಆಯಿತು, ಅವರು ಇಲ್ಲದಾಗ ಮನೆಯವರು ಬಳಸುವ ಹಾಗಿಲ್ಲ. 2019ರಿಂದ ಇಂಗ್ಲೆಂಡ್‌ನಲ್ಲಿ ಹೊರಗೆ ಕಾಣದ ತೊಂದರೆ ಇರುವವರಿಗೂ ಕೊಡುತ್ತಾರೆ. ನಮ್ಮಲ್ಲಿ ಇದಕ್ಕೆ ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಆಗಲೇ ಇದೆ. ಫೋಟೋ ಇದೆ, ನಂಬರ್ ಇದೆ, ವೈದ್ಯರು ನೋಡಿ ಬರೆದ ಅಂಗವೈಕಲ್ಯದ ಶೇಕಡಾವಾರು ಇದೆ. ಓಡಾಟಕ್ಕೆ ತೊಂದರೆ ಇರುವವರಿಗೆ ಅದೇ ನಂಬರಿನ ಮೇಲೆ ಒಂದು ಪಾರ್ಕಿಂಗ್ ಪರವಾನಗಿ ಮುದ್ರಿಸಿ ಕೊಟ್ಟರೆ ಸಾಕು. ಸೆಕ್ಯೂರಿಟಿಯವರು ಅದನ್ನು ನೋಡಲಿ, ಸಲ್ಯೂಟ್ ಬೇಡ, ಬೈಗುಳ ಬೇಡ, ಕಾಲು ನೋಡುವುದು ಬೇಡ. ನಮಗೆ ಏನಾಗಿದೆ ಅಂತ ರಸ್ತೆಯಲ್ಲಿ ನಿಂತು ವಿವರಿಸುವ ಕರ್ಮವೂ ತಪ್ಪುತ್ತದೆ.

ವಿವರಿಸುವುದು ನಮಗೆ ಅಭ್ಯಾಸ ಆಗಿಹೋಗಿದೆ, ಅದು ಬೇರೆ ಮಾತು. ಸರ್ಟಿಫಿಕೇಟ್‌ಗೆ ಹೋದಾಗ ಏನೇನು ಆಗಲ್ಲ ಅಂತ ತೋರಿಸಬೇಕು. ಶೇಕಡಾ 40 ಮುಟ್ಟದಿದ್ದರೆ ಮೀಸಲಾತಿ ಇಲ್ಲ. ಕೆಲಸದ ಇಂಟರ್‌ವ್ಯೂನಲ್ಲಿ ಎಲ್ಲ ಆಗುತ್ತದೆ ಅಂತ ತೋರಿಸಬೇಕು. ಹೆಣ್ಣು ನೋಡಲು ಬಂದಾಗ ಮನೆಯವರು ಕಾಲು ಕಾಣದ ಹಾಗೆ ಕೂರಿಸುತ್ತಾರೆ. ಒಬ್ಬಳೇ ಮನುಷ್ಯಳು, ಒಂದೇ ಕಾಲು.

ಮಂಡ್ಯದ ಕಡೆ ನಮ್ಮ ನೆಂಟರ ಮದುವೆಗಳಿಗೆ ಹೋಗುವುದೆಂದರೆ ನನಗೆ ಇಷ್ಟ. ಆದರೆ ಈಗ ಕಟ್ಟುತ್ತಿರುವ ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಮುಹೂರ್ತ ಮೊದಲ ಮಹಡಿಯಲ್ಲಿ, ಊಟ ನೆಲಮಾಳಿಗೆಯಲ್ಲಿ. ಅಕ್ಷತೆ ಹಾಕಲೂ ಮೆಟ್ಟಿಲು, ಊಟಕ್ಕೂ ಮೆಟ್ಟಿಲು. ಒಬ್ಬರು ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು 'ಇಷ್ಟ್ ಕಷ್ಟ ಪಟ್ಕಂಡು ಯಾಕವ್ವ ಬರಕ್ಕೋದೆ, ಮನೇಲೇ ಇರ್ಬಾರ್ದಾ' ಅಂದರು. ಕಣ್ಣಲ್ಲಿ ನೀರು ಬೇರೆ. ಪ್ರೀತಿಯಿಂದಲೇ ಅಂದಿದ್ದು. ನನಗಾಗಿ ಊಟವನ್ನು ಒಂದು ಮೂಲೆಗೆ ತರಿಸಿಕೊಟ್ಟರು. ಒಬ್ಬಟ್ಟಿನ ಮೇಲೆ ಎರಡು ಸಲ ತುಪ್ಪ ಹಾಕಿದರು. ನನಗೆ ಬೇಕಾಗಿದ್ದು ಪಂಕ್ತಿಯಲ್ಲಿ ನನ್ನ ವಾರಗೆಯವರ ಪಕ್ಕ ಕೂತು, ಹರಟೆ ಹೊಡೆಯುತ್ತಾ ಉಣ್ಣುವುದು. ಅಲ್ಲಿ ಮೆಟ್ಟಿಲಿನ ಪಕ್ಕ ಒಂದು ರ್‍ಯಾಂಪ್ ಇತ್ತು, ನಿಜ. ಎಷ್ಟು ಕಡಿದಾಗಿತ್ತು ಅಂದರೆ ಅಡುಗೆಯವರು ಅದರ ಮೇಲೆ ಗ್ಯಾಸ್ ಸಿಲಿಂಡರ್ ಉರುಳಿಸುತ್ತಿದ್ದರು. ಒಂದು ಅಡಿ ಏರಲು 12 ಅಡಿ ಉದ್ದ ಇರಬೇಕು ಅನ್ನುವುದು ನಿಯಮ. ಕಟ್ಟುವಾಗ ಮೇಸ್ತ್ರಿಗೆ ಈ ಒಂದು ಲೆಕ್ಕ ಹೇಳಿದರೆ ಸಾಕು, ಖರ್ಚೂ ಅಂಥಾದ್ದೇನಿಲ್ಲ.

ನಮ್ಮನ್ನು ಏನಂತ ಕರೆಯಬೇಕು ಅಂತ ಕೆಲವರು ಕೇಳುತ್ತಾರೆ. ಅಂಗವಿಕಲರು, ವಿಕಲಚೇತನರು, ವಿಶೇಷಚೇತನರು, ದಿವ್ಯಾಂಗರು, ಬೋರ್ಡ್‌ಗಳಲ್ಲಿ ಎಲ್ಲ ಇವೆ. ಕುಂಟಿ, ಕಿವುಡ ಅಂತ ಅನ್ನಬೇಡಿ. ಸಾರ್ವಜನಿಕವಾಗಿ ಅವಮಾನ ಮಾಡಬೇಕೆಂದೇ ಬೈದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲಿದೆ. ಮಿಕ್ಕಿದ್ದರಲ್ಲಿ ಯಾವುದಾದರೂ ನನಗೆ ಸರಿ. ಹೆಸರು ಗೊತ್ತಿದ್ದರೆ ಹೆಸರು ಹಿಡಿದು ಕರೆಯಿರಿ.

2016ರ ಕಾಯ್ದೆಯ ಪ್ರಕಾರ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಅದರ ನಿಯಮ ಬಂದ ಐದು ವರ್ಷದೊಳಗೆ ಸರಿ ಮಾಡಬೇಕಿತ್ತು. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ. ಆ ಗಡುವು 2022ಕ್ಕೇ ಮುಗಿಯಿತು. ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಪಾರ್ಕಿಂಗ್ ಬಗ್ಗೆ ಕಾಯ್ದೆಯಲ್ಲೇ ಹೇಳಿದೆ. 2024ರ ನವೆಂಬರ್‌ನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಕೋರ್ಟ್ ತನಕ ಹೋದವರು ಕಣ್ಣು ಕಾಣದ ಒಬ್ಬ ವ್ಯಕ್ತಿ. ಅವರು ಅಷ್ಟು ದೂರ ಹೋಗಿದ್ದಾರೆ, ನಾವು ಪಾಲಿಕೆಯ ತನಕವಾದರೂ ಹೋಗೋಣ.

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡಲ್ಲ. ಲಲಿತ ಮಹಲ್ ಹೆಲಿಪ್ಯಾಡ್ ಹತ್ತಿರ ನಿಲ್ಲಿಸಿ ಬಸ್ ಹತ್ತಬೇಕು. ಅಷ್ಟು ಜನ ಬರುವಾಗ ಅದು ಸರಿಯಾದ ಏರ್ಪಾಡು, ನನಗೆ ತಕರಾರಿಲ್ಲ. ಆದರೆ ಬಸ್ಸಿನ ಮೆಟ್ಟಿಲು ಹತ್ತಲಾಗದವರಿಗೆ ಸೈಡ್ ವೀಲ್ ಗಾಡಿಯೇ ಕಾಲು. ಪರವಾನಗಿ ಇದ್ದರೆ ಪೊಲೀಸರಿಗೂ ಸುಲಭ, ನಮಗೂ ಬೇಡಿಕೊಳ್ಳುವುದು ತಪ್ಪುತ್ತದೆ.

ಮಹಾನಗರ ಪಾಲಿಕೆಗೂ ನಗರ ಪೊಲೀಸ್ ಆಯುಕ್ತರಿಗೂ ಒಂದು ಅರ್ಜಿ ಬರೆದಿಟ್ಟಿದ್ದೇನೆ. ಪ್ರತಿ ಮುಖ್ಯ ರಸ್ತೆಯಲ್ಲಿ ಬೈಕಿನ ಸಾಲಿನ ತುದಿಯಲ್ಲಿ ಸೈಡ್ ವೀಲ್ ಗಾಡಿಗೆ ಗೆರೆ ಎಳೆದ ಜಾಗ, ಅದರ ಎಡಗಡೆ ಖಾಲಿ ಪಟ್ಟಿ, ಯುಡಿಐಡಿ ನಂಬರಿನ ಮೇಲೆ ಪರವಾನಗಿ, ಈ ಮೂರೇ ಕೇಳಿದ್ದೇನೆ. ಪ್ರತಿಯನ್ನು ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೂ ಕಳಿಸುತ್ತೇನೆ. ಮೈಸೂರಿನಲ್ಲಿ ಇಂಥ ಗಾಡಿ ಓಡಿಸುವವರು ನಿಮ್ಮ ಬೀದಿಯ ಹೆಸರು, ಎಲ್ಲಿ ಜಾಗ ಬೇಕು ಅನ್ನುವುದನ್ನು ನನಗೆ ಇನ್‌ಬಾಕ್ಸ್ ಮಾಡಿ, ಸಹಿ ಜೊತೆಗೆ ಸೇರಿಸುತ್ತೇನೆ. ಮಂಡ್ಯದವರು ಯಾರಾದರೂ ಮುಂದೆ ಬಂದರೆ ಅಲ್ಲಿನ ನಗರಸಭೆಗೆ ಇದೇ ಅರ್ಜಿಯನ್ನು ಹೆಸರು ಬದಲಿಸಿ ಕೊಡುತ್ತೇನೆ.