ತರಕಾರಿ ಮಡಿಗೆ ಹೊಗೆಸೊಪ್ಪಿನ ಕಸ ಹಾಕುವುದು ನಿಲ್ಲಬೇಕೇ?

ಪರ: ಡಬ್ಬಿಯಲ್ಲಿದ್ದರೆ ವಿಷ, ಬುಟ್ಟಿಯಲ್ಲಿದ್ದರೆ ಗೊಬ್ಬರ

ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ (ಹೊಗೆಸೊಪ್ಪು ಹದ ಮಾಡುವ ಮನೆ) ಕೆಲಸ ಮುಗಿದರೆ ಹೊಗೆಸೊಪ್ಪಿನ ಪುಡಿ, ಕಡ್ಡಿ ರಾಶಿ ಬೀಳುತ್ತದೆ. ಬಿಟ್ಟಿ ಗೊಬ್ಬರ ಅಂತ ಅದನ್ನು ಹಿತ್ತಲ ಕೊತ್ತಂಬರಿ ಮಡಿಗೂ ಸುರಿಯುವವರಿದ್ದಾರೆ. ಕೊಳೆತರೆ ಎಲ್ಲವೂ ಮಣ್ಣೇ ಅನ್ನುತ್ತಾರೆ. ಕೊಳೆಯುವ ಮೊದಲೇ ಒಂದು ಮಳೆ ಬಿದ್ದರೆ? ಹೊಗೆಸೊಪ್ಪಿನಲ್ಲಿರುವ ವಿಷ, ನಿಕೋಟಿನ್, ನೀರಲ್ಲಿ ಕರಗುತ್ತದೆ. ಬೇರು ನೀರು ಹೀರುವಾಗ ಜೊತೆಗೇ ಏರಿ ಎಲೆ ಸೇರುತ್ತದೆ.

ಜರ್ಮನಿಯ ಬ್ರೌನ್‌ಶ್ವೈಗ್‌ನ ಸಸ್ಯ ವಿಜ್ಞಾನಿ ಡಿರ್ಕ್ ಸೆಲ್ಮಾರ್ ಅವರ ತಂಡ ಇದನ್ನು ಪುದೀನದಲ್ಲಿ ತೋರಿಸಿತು. ಮಣ್ಣಿನ ಮೇಲೆ ಸಿಗರೇಟಿನ ತಂಬಾಕು ಹಾಕಿದರು, ಪುದೀನದ ಎಲೆಯಲ್ಲಿ ನಿಕೋಟಿನ್ ಸಿಕ್ಕಿತು. 2015ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಚದರ ಮೀಟರಿಗೆ ಸೇದಿ ಬಿಸಾಡಿದ ಒಂದು ತುಂಡು ಸಾಕಾಯಿತು. ನಾವು ಸುರಿಯುವುದು ಬುಟ್ಟಿಗಟ್ಟಲೆ!

ಬದನೆಯಲ್ಲೂ ನಿಕೋಟಿನ್ ಇದೆಯಲ್ಲ ಅನ್ನುವವರು ನಾಳೆಯಿಂದ ಮೊಸರನ್ನಕ್ಕೆ ಹೊಗೆಸೊಪ್ಪು ನಂಜಿಕೊಳ್ಳಲಿ. ನಿಕೋಟಿನ್‌ನಿಂದ ಮಾಡುವ ಕೀಟನಾಶಕ ನಿಕೋಟಿನ್ ಸಲ್ಫೇಟನ್ನು ನಮ್ಮ ದೇಶದಲ್ಲಿ ಬೆಳೆಗೆ ಹೊಡೆಯುವಂತಿಲ್ಲ. ರಫ್ತಿಗಷ್ಟೇ ತಯಾರಿಸಬಹುದು. ಅದೇ ನಿಕೋಟಿನ್ ಬುಟ್ಟಿಯಲ್ಲಿ ಬಂದರೆ ಸಾವಯವ ಅಂತೆ. ಜೊತೆಗೆ ಎಲೆಗೆ ಮಚ್ಚೆ ತರುವ ಮೊಸಾಯಿಕ್ ರೋಗದ ವೈರಸ್ಸೂ ಆ ಕಸದಲ್ಲಿ ಉಳಿದು ಟೊಮೆಟೊಗೆ ಹತ್ತಬಹುದು.

ವಿರೋಧ: ತಾತನ ಚೊಂಬು

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನನ್ನ ಹಿತ್ತಲಿಗೆ ನಾನಂತೂ ಹಾಕಲ್ಲ. ಆದರೂ ಇಷ್ಟು ಗಾಬರಿ ಬೇಕಾ? ಹತ್ತು ಕಿಲೋ ಬದನೆಯಲ್ಲಿ ಸುಮಾರು ಒಂದು ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಅದಕ್ಕೆ ಎಣ್ಣೆಗಾಯಿ ಬಿಟ್ಟವರು ಯಾರು? ಬೇರು ಹೀರುವುದೇ ತಪ್ಪಾದರೆ ಬೇವಿನ ಹಿಂಡಿಯೂ ಬೇಡ ಅನ್ನಬೇಕಾಗುತ್ತದೆ. ಅದರ ಕಹಿಯೂ ಬೇರಿನಿಂದಲೇ ಏರುತ್ತದೆ, ಅಲ್ವಾ? ನಿಕೋಟಿನ್ ತಿಂದು ಬದುಕುವ ಬ್ಯಾಕ್ಟೀರಿಯಾ ಮಣ್ಣಲ್ಲೇ ಇವೆ. ಚೆನ್ನಾಗಿ ಕೊಳೆಸಿ ಹಾಕಿದರಾಯಿತು.

ನಮ್ಮ ತಾತ ಅವರೆ ಗಿಡಕ್ಕೆ ಹೇನು ಹತ್ತಿದರೆ ಹೊಗೆಸೊಪ್ಪನ್ನು ರಾತ್ರಿಯಿಡೀ ನೆನೆಹಾಕಿ, ಸೋಸಿ, ಪೊರಕೆ ಅದ್ದಿ ಎರಚುತ್ತಿದ್ದರು. ಒಂದು ಸಲ ಜಗಲಿ ಮೇಲಿದ್ದ ಆ ಚೊಂಬನ್ನು ಬೆಲ್ಲದ ಕಾಫಿ ಅಂದುಕೊಂಡು ನಾನು ಒಂದು ಗುಟುಕು ಕುಡಿದೆ. ಬಾಯಿ ಉರಿ, ತಲೆಸುತ್ತು, ಸಂಜೆವರೆಗೂ ವಾಂತಿ. ಅಜ್ಜಿ ಎರಡು ದಿನ ತಾತನ ಹತ್ತಿರ ಮಾತಾಡಲಿಲ್ಲ. ಈ ಕಥೆಯಿಂದ ನನ್ನ ವಾದಕ್ಕೆ ಬಲ ಬರಲ್ಲ, ಗೊತ್ತು. ಆ ವರ್ಷದ ಅವರೆಕಾಳು ಸಾರನ್ನು ಮಾತ್ರ ಎಲ್ಲರೂ ಉಂಡೆವು. ನಾನು ಎರಡು ಸಲ ಬಡಿಸಿಕೊಂಡೆ.