ಗುಂಡರ್ಟ್ ಹೆಸರಿನಲ್ಲಿ ಗುಂಡಿಲ್ಲ, ಗನ್ ಇದೆ

ಮಲಯಾಳಂ ನಿಘಂಟು ಬರೆದ ಜರ್ಮನ್ ಮಿಷನರಿ ಹೆರ್ಮನ್ ಗುಂಡರ್ಟ್ ಹೆಸರು ಬಂದರೆ ಸಾಕು, ಗುಂಡ, ಗುಂಡಪ್ಪ, ಗುಂಡೂರಾವ್ ಅಂತ ಒಂದು ಸುತ್ತು ತಮಾಷೆ ಆಗಿಯೇ ತೀರುತ್ತದೆ. ತಮಾಷೆ ಆಗಲಿ ಬಿಡಿ. ಆದರೆ ಅದರ ಬೆನ್ನಿಗೇ 'ಗುಂಡರ್ಟ್ ಅಂದರೆ ಯೋಧ, ಅವರ ಪೂರ್ವಜರು ಸೈನಿಕರು' ಎಂಬ ಗಂಭೀರ ವಿವರಣೆಯೂ ಓಡಾಡುತ್ತದಲ್ಲ, ತಕರಾರು ಇರುವುದು ಅದರ ಬಗ್ಗೆ. ಜರ್ಮನ್ ಮನೆತನದ ಹೆಸರುಗಳನ್ನು ನಿಘಂಟು ತೆರೆದು ಅರ್ಥ ಹುಡುಕಿ ಬಿಡಿಸಲು ಬರುವುದಿಲ್ಲ.

ನಮ್ಮ ಗುಂಡು, ಗುಂಡಗೆ ಎಲ್ಲ ದ್ರಾವಿಡ ಪದಗಳು, ಈ ಹೆಸರಿಗೂ ಅವಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ನಾವು ಇಂಗ್ಲಿಷಿನಿಂದ ತಂದುಕೊಂಡ 'ಗನ್' ಪದಕ್ಕೆ. 1330ರ ಸುಮಾರಿಗೆ ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ಆಯುಧಗಳ ಪಟ್ಟಿಯಲ್ಲಿ ಒಂದು ದೊಡ್ಡ ಬಾಣ ಎಸೆಯುವ ಯಂತ್ರಕ್ಕೆ 'ಗುನಿಲ್ಡಾ ಅಮ್ಮನವರು' ಎಂಬರ್ಥದ ಲ್ಯಾಟಿನ್ ಹೆಸರು ಬರೆದಿದ್ದಾರೆ. ಅದು ಗುನ್‌ಹಿಲ್ಡ್ ಎಂಬ ಹೆಂಗಸಿನ ಹೆಸರು. ಆ ಹೆಸರೇ ಮೊಟಕಾಗಿ 'ಗನ್' ಆಯಿತು ಎನ್ನುವುದು ಪದಮೂಲ ತಿಳಿದವರು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಆ 'ಗುನ್' ಮತ್ತು ಗುಂಡರ್ಟ್‌ನ 'ಗುಂಡ್' ಒಂದೇ ಪದ: ಹಳೆಯ ಜರ್ಮಾನಿಕ್ ಭಾಷೆಗಳಲ್ಲಿ ಕಾಳಗ ಎಂದರ್ಥ. ಇನ್ನೂ ಹಿಂದಕ್ಕೆ ಹೋದರೆ ಇದರ ಧಾತು ಸಂಸ್ಕೃತದ 'ಹನ್' ಧಾತುವಿನ ದಾಯಾದಿ. ಹನನ, ಹತ್ಯೆ, ಹಂತಕ ಎಲ್ಲ ಆ ಕಡೆಯ ನೆಂಟರು.

ಗುಂಡರ್ಟ್ ಮೂಲದಲ್ಲಿ ಮನೆತನದ ಹೆಸರೇ ಅಲ್ಲ, ಒಬ್ಬ ವ್ಯಕ್ತಿಯ ಹೆಸರು: ಗುಂಡ್‌ಹಾರ್ಟ್. ಗುಂಡ್ ಅಂದರೆ ಕಾಳಗ, ಹಾರ್ಟ್ ಅಂದರೆ ಗಟ್ಟಿ. ಜರ್ಮನ್‌ನಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ, ಹಾಗಾಗಿ ಎರಡನೆಯ ಭಾಗ ಸವೆಯುತ್ತ ಹೋಗುತ್ತದೆ. ಮೊದಲು 'ಹ' ಬಿದ್ದು ಗುಂಡಾರ್ಟ್ ಆಯಿತು, ಆಮೇಲೆ 'ಆ' ತೆಳುವಾಗಿ 'ಎ' ಆಯಿತು. ಇದು ಈ ಒಂದು ಹೆಸರಿನ ಕಥೆಯಲ್ಲ. ಎಕ್‌ಹಾರ್ಟ್ ಹೋಗಿ ಎಕರ್ಟ್, ರೈನ್‌ಹಾರ್ಟ್ ಹೋಗಿ ರೈನರ್ಟ್, ಜೀಗ್‌ಹಾರ್ಟ್ ಹೋಗಿ ಜೀಗರ್ಟ್ ಆದದ್ದೂ ಇದೇ ದಾರಿಯಲ್ಲಿ. ಒಂದು ಹೆಸರಿಗೆ ಮಾತ್ರ ಹೊಂದುವ ವಿವರಣೆಯನ್ನು ನಂಬಬೇಡಿ, ಸಾಲಾಗಿ ನಾಲ್ಕು ಹೆಸರಿಗೆ ಹೊಂದಬೇಕು.

ಆದರೆ 'ಎರ್ಟ್' ಕಂಡಲ್ಲೆಲ್ಲ 'ಹಾರ್ಟ್' ಅಂತ ಬರೆದುಬಿಡುವುದೂ ತಪ್ಪು. ಆಲ್ಬರ್ಟ್, ರುಪರ್ಟ್ ಹೆಸರುಗಳ ಬಾಲ 'ಬೆರ್ಟ್', ಅಂದರೆ ಹೊಳೆಯುವ. ಹಾಗಾದರೆ ಗುಂಡರ್ಟ್ ಮೂಲ ಗುಂಡ್‌ಬೆರ್ಟ್ ಇರಬಾರದೇಕೆ? ಆ ಹೆಸರೂ ಇತ್ತು, ಆದರೆ ಅದು ಬೇರೆ ಕಡೆ ಹೊರಳಿತು. 'ನ್ದ್' ಜೊತೆ 'ಬ' ಬಂದಾಗ ತುಟಿ ಮುಚ್ಚಲೇಬೇಕು, ಆ ಸೆಳೆತಕ್ಕೆ 'ನ್' ಹೋಗಿ 'ಮ್' ಆಗಿ ಗುಂಪ್ರೆಖ್ಟ್, ಗುಂಪರ್ಟ್ ಎಂಬ ಹೆಸರುಗಳು ಹುಟ್ಟಿದವು. ಗುಂಡರ್ಟ್‌ನಲ್ಲಿ 'ಮ್ಪ್' ಇಲ್ಲ, ಆದ್ದರಿಂದ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ.

ಇನ್ನೊಂದು ದಾರಿ ಮಾತ್ರ ತೆರೆದೇ ಇದೆ. 'ಎರ್' ಎಂದು ಮುಗಿಯುವ ಹೆಸರಿಗೆ ಕೊನೆಯಲ್ಲಿ ಸುಮ್ಮನೆ ಒಂದು 'ಟ್' ಅಂಟಿಕೊಳ್ಳುವ ಚಾಳಿ ಜರ್ಮನ್ ಆಡುಮಾತುಗಳಲ್ಲಿ ಉಂಟು. ಹಾಗೆ ಗುಂಟರ್ ಎಂಬ ಹೆಸರೂ ಗುಂಡರ್ಟ್ ಆಗಬಹುದು. ತೀರ್ಮಾನ ಮಾಡಬೇಕಾದದ್ದು ಆ ಕುಟುಂಬದ ಅತ್ಯಂತ ಹಳೆಯ ಕಾಗುಣಿತ. ತೆರಿಗೆ ಪಟ್ಟಿಯಲ್ಲಿ, ಜಮೀನಿನ ದಾಖಲೆಯಲ್ಲಿ ಗುಂಡ್‌ಹಾರ್ಟ್ ಅಥವಾ ಗುಂಡಾರ್ಟ್ ಎಂದಿದ್ದರೆ ಒಂದು ಮೂಲ, ಗುಂಟರ್ ಅಥವಾ ಗುಂಡರ್ ಎಂದಿದ್ದು 'ಟ್' ತಡವಾಗಿ ಸೇರಿದ್ದರೆ ಇನ್ನೊಂದು ಮೂಲ. ಒಂದೇ ಮನೆತನದ ಹೆಸರು ಎರಡು ಊರುಗಳಲ್ಲಿ ಎರಡು ಮೂಲಗಳಿಂದ ಹುಟ್ಟಿರಬಹುದು ಎನ್ನುವುದನ್ನು ಒಪ್ಪಿಕೊಳ್ಳಲು ಜನಕ್ಕೆ ಯಾಕೋ ಬಹಳ ಕಷ್ಟ.

ಈಗ ಆ 'ಯೋಧರ ವಂಶ' ಕಥೆಗೆ ಬರೋಣ. ಹಿಲ್ಡೆಗುಂಡ್ ಎಂಬ ಹಳೆಯ ಹೆಂಗಸಿನ ಹೆಸರಿದೆ. ಹಿಲ್ಡ್ ಅಂದರೆ ಕಾಳಗ, ಗುಂಡ್ ಅಂದರೂ ಕಾಳಗ. ಮಗಳಿಗೆ 'ಕಾಳಗಕಾಳಗ' ಅಂತ ಅರ್ಥ ನೋಡಿ ಹೆಸರಿಡುವವರು ಯಾರು? ಆ ಕಾಲದಲ್ಲಿ ಹೆಸರು ಕಟ್ಟುತ್ತಿದ್ದದ್ದು ತುಂಡುಗಳಿಂದ. ಅಪ್ಪ, ಅಜ್ಜ, ಅಮ್ಮನ ಹೆಸರಿನಿಂದ ಒಂದೊಂದು ತುಂಡು ತೆಗೆದು ಜೋಡಿಸಿ ಇಂಥ ಮನೆಯವರು ಎಂದು ತೋರಿಸುತ್ತಿದ್ದರು. 5ನೇ ಶತಮಾನದ ಬರ್ಗುಂಡಿಯನ್ ರಾಜರನ್ನೇ ನೋಡಿ: ಗುಂಡಹಾರ್, ಗುಂಡಿಯೋಕ್, ಗುಂಡೋಬಾದ್. ಅಲ್ಲಿ 'ಗುಂಡ್' ಎನ್ನುವುದು ಕುಟುಂಬದ ಗುರುತು, ವೃತ್ತಿಯ ವಿವರ ಅಲ್ಲ. ಕನ್ನಡದಲ್ಲಿ ಪತ್ರಿಕೆ ತಂದ ಮೋಗ್ಲಿಂಗ್ ಜೊತೆಗಿದ್ದ ವೈಗ್ಲೆ ಹೆಸರಿನಲ್ಲೂ ಯುದ್ಧವಿದೆ: 'ವೀಗ್' ಅಂದರೆ ಹೋರಾಟ, ಕೊನೆಯ 'ಲೆ' ನೈಋತ್ಯ ಜರ್ಮನಿಯ ಶ್ವಾಬಿಯನ್ನರ ಮುದ್ದಿನ ಪ್ರತ್ಯಯ. ಪುಟ್ಟ ಹೋರಾಟ! ಅರ್ಥ ಹಿಡಿದು ಹೊರಟರೆ ಇವರೆಲ್ಲ ಸೇರಿದ್ದ ಬಾಸೆಲ್ ಮಿಷನ್ ಒಂದು ಪಡೆಯೇ ಆಗಿಬಿಡುತ್ತದೆ. ನಮ್ಮ ನಿಘಂಟುಕಾರ ಕಿಟೆಲ್ ಅವರ ಹೆಸರಿನ ಜಾತಿಯೇ ಬೇರೆ. ಕಿಟೆಲ್ ಅಂದರೆ ಸಡಿಲ ಮೇಲಂಗಿ, ಅದನ್ನು ಹೊಲಿಯುವವನಿಗೋ ಸದಾ ತೊಡುವವನಿಗೋ ಊರವರು ಕರೆದ ಹೆಸರು. ಉತ್ತರ ಕರ್ನಾಟಕದ ಅಡ್ಡಹೆಸರುಗಳ ರುಚಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಅರ್ಥ ಕೆಲಸಕ್ಕೆ ಬರುತ್ತದೆ, ಗುಂಡರ್ಟ್‌ನಲ್ಲಿ ಬರುವುದಿಲ್ಲ.

ಹಾಗಾದರೆ ಈ ಹೆಸರು ಅಪರೂಪ ಏಕೆ? ಜರ್ಮನ್ ನಾಡುಗಳಲ್ಲಿ ಮನೆತನದ ಹೆಸರು ಗಟ್ಟಿಯಾಗಿ ನಿಂತದ್ದು ಸುಮಾರು 12ರಿಂದ 15ನೇ ಶತಮಾನದೊಳಗೆ. ಅದೇ ಹೊತ್ತಿಗೆ ಯೊಹಾನೆಸ್, ನಿಕೊಲಾಸ್ ಮುಂತಾದ ಸಂತರ ಹೆಸರುಗಳು ಬಂದು ಹಳೆಯ ಜೋಡಿಪದದ ಹೆಸರುಗಳನ್ನು ಮೂಲೆಗೆ ತಳ್ಳುತ್ತಿದ್ದವು. ಎಕ್‌ಹಾರ್ಟ್ ಆಗಲೂ ಚಾಲ್ತಿಯಲ್ಲಿತ್ತು, ಆದ್ದರಿಂದ ಎಕರ್ಟ್‌ಗಳು ಊರೂರಲ್ಲಿ ಬೇರೆಬೇರೆಯಾಗಿ ಹುಟ್ಟಿಕೊಂಡರು. ಗುಂಡ್‌ಹಾರ್ಟ್ ಆ ವೇಳೆಗೆ ಹಳಸಿದ ಹೆಸರು. ಎಲ್ಲೋ ಕೆಲವು ಕಡೆ ಆ ಹೆಸರಿನ ಅಜ್ಜ ಬದುಕಿದ್ದನೋ ಅಲ್ಲಿ ಮಾತ್ರ ಅದು ಮನೆತನಕ್ಕೆ ಅಂಟಿ ಉಳಿಯಿತು.

ಎಷ್ಟು ಜನ ಇದ್ದಾರೆ ಎನ್ನುವ ಪ್ರಶ್ನೆಗೆ ಸರ್ಕಾರಿ ಉತ್ತರ ಸಿಗುವುದಿಲ್ಲ, ಜರ್ಮನಿಯಲ್ಲಿ ಮನೆತನದ ಹೆಸರುಗಳ ಅಧಿಕೃತ ಅಂಕಿಅಂಶ ಪಟ್ಟಿ ಇಲ್ಲ. ಎಲ್ಲರೂ ಬಳಸುವುದು ಹಳೆಯ ದೂರವಾಣಿ ಡೈರೆಕ್ಟರಿಯ ದತ್ತಾಂಶ. ಸ್ಥಿರ ದೂರವಾಣಿ ಮನೆಮನೆಯಲ್ಲಿದ್ದ ಕಾಲದ್ದೇ ಬೇಕು, ಮೊಬೈಲ್ ಬಂದ ಮೇಲಿನದು ಪೊಳ್ಳು. ಒಂದು ಸಂಪರ್ಕ ಅಂದರೆ ಒಂದು ಮನೆ, ಆದ್ದರಿಂದ ಜನಸಂಖ್ಯೆಗೆ ಸುಮಾರು 2.5ರಿಂದ 3ರಷ್ಟು ಗುಣಿಸುವುದು ರೂಢಿ. ಆಮೇಲೆ ನಕ್ಷೆ. ಬರೀ ಸಂಖ್ಯೆಯ ನಕ್ಷೆ ಹಾಕಿದರೆ ಯಾವ ಹೆಸರಾದರೂ ಬರ್ಲಿನ್, ಹ್ಯಾಂಬರ್ಗ್‌ನದ್ದೇ ಎನಿಸುತ್ತದೆ, ಏಕೆಂದರೆ ಜನ ಇರುವುದೇ ಅಲ್ಲಿ. ಜನಸಂಖ್ಯೆಗೆ ಭಾಗಿಸಬೇಕು. 6 ಲಕ್ಷ ಜನರ ನಗರದಲ್ಲಿ 12 ಸಂಪರ್ಕ ಇದ್ದರೆ ಹತ್ತು ಲಕ್ಷಕ್ಕೆ 20, 1 ಲಕ್ಷ ಜನರ ಜಿಲ್ಲೆಯಲ್ಲಿ 4 ಇದ್ದರೆ ಹತ್ತು ಲಕ್ಷಕ್ಕೆ 40. ಚಿಕ್ಕ ಜಿಲ್ಲೆಯೇ ಗಾಢವಾಗಿ ಕಾಣುತ್ತದೆ. ಅಪರೂಪದ ಹೆಸರಿನ ಉಪದ್ರವವೂ ಇಲ್ಲೇ: ಆ 4 ಸಂಪರ್ಕ ಒಬ್ಬ ಅಪ್ಪ ಮತ್ತು ಮೂವರು ಮಕ್ಕಳದ್ದಾಗಿರಬಹುದು. ಅಷ್ಟಕ್ಕೇ ನಕ್ಷೆ 'ಮೂಲಸ್ಥಾನ' ಎಂದು ಕೂಗುತ್ತದೆ. ಅಕ್ಕಪಕ್ಕದ ಜಿಲ್ಲೆಗಳಲ್ಲೂ ಬಣ್ಣ ಹರಡಿದೆಯೇ ನೋಡದೆ ಬಾಯಿ ಬಿಡಬಾರದು.

1945ರ ನಂತರ ಪೂರ್ವದ ಪ್ರದೇಶಗಳಿಂದ ಸುಮಾರು 1.2 ಕೋಟಿ ಜರ್ಮನ್ನರು ನಿರಾಶ್ರಿತರಾಗಿ ಬಂದು ಎಲ್ಲೆಲ್ಲೋ ನೆಲೆಸಿದರು. ದೂರವಾಣಿ ನಕ್ಷೆ ಈ ಕಲಕಿದ ನೀರನ್ನೇ ತೋರಿಸುತ್ತದೆ. ಅದಕ್ಕೆ ಮೊದಲನೆಯ ಮಹಾಯುದ್ಧದ ಸತ್ತವರು, ಗಾಯಗೊಂಡವರು, ಕಾಣೆಯಾದವರ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಜರ್ಮನ್ ವಂಶಾವಳಿ ಸಂಘದ ಸ್ವಯಂಸೇವಕರು ಅದನ್ನು ಹುಡುಕಲು ಬರುವಂತೆ ಮಾಡಿದ್ದಾರೆ. ಹೆಸರಿನ ಜೊತೆ ಊರೂ ಇರುವುದರಿಂದ ಸ್ಥಳಾಂತರಕ್ಕೆ ಮುಂಚಿನ ಚಿತ್ರ ಸಿಗುತ್ತದೆ. ಅದರಲ್ಲಿ ಇರುವುದು ಸೇನೆಯ ವಯಸ್ಸಿನ ಗಂಡಸರು ಮಾತ್ರ ಎನ್ನುವುದು ನೆನಪಿರಲಿ.

ಗಾಢ ಬಣ್ಣದ ಜಾಗವೇ ಹೆಸರಿನ ತವರು ಎಂದೂ ಅಲ್ಲ. ಗುಂಡರ್ಟ್ ಅವರ ಮೊಮ್ಮಗ ಕಾದಂಬರಿಕಾರ ಹೆರ್ಮನ್ ಹೆಸ್ಸೆ. ಹೆಸ್ಸೆ ಅಂದರೆ ಹೆಸ್ಸೆನ್ ನಾಡಿನವನು. ಹೆಸ್ಸೆನ್‌ನ ಒಳಗೆ ಎಲ್ಲರೂ ಹೆಸ್ಸೆಗಳೇ, ಅಲ್ಲಿ ಈ ಹೆಸರಿಗೆ ಏನು ಪ್ರಯೋಜನ? ಊರು ಬಿಟ್ಟು ಹೊರಗೆ ಹೋದವನನ್ನೇ ಹಾಗೆ ಕರೆಯುವುದು. ಹೆಸ್ಸೆಯ ತಂದೆ ಹುಟ್ಟಿದ್ದಂತೂ ಇಂದಿನ ಎಸ್ಟೋನಿಯಾದಲ್ಲಿ.

ಗುಂಡರ್ಟ್ ಹುಟ್ಟಿದ್ದು 1814ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ, ತೀರಿಕೊಂಡದ್ದು 1893ರಲ್ಲಿ ಕಾಲ್ವ್‌ನಲ್ಲಿ. ಎರಡೂ ನೈಋತ್ಯ ಜರ್ಮನಿಯ ವುರ್ಟೆಂಬರ್ಗ್‌ನ ಊರುಗಳು. ಹುಡುಕುವವರಿಗೆ ಅದೃಷ್ಟದ ನಾಡು ಅದು. ಚರ್ಚಿನ ದೀಕ್ಷಾಸ್ನಾನ, ಮದುವೆಗಳ ಪುಸ್ತಕ 1558ರಿಂದಲೇ ಕಡ್ಡಾಯ. 30 ವರ್ಷದ ಯುದ್ಧದಲ್ಲಿ (1618-48) ಎಷ್ಟೋ ಊರಿನ ಪುಸ್ತಕ ಸುಟ್ಟುಹೋದವು, ಅದು ಬೇರೆ ಮಾತು. 1808ರಿಂದ ಇಡೀ ಕುಟುಂಬವನ್ನು ಒಂದೇ ಪುಟದಲ್ಲಿ ಬರೆಯುವ ಕುಟುಂಬ ದಾಖಲೆಗಳೂ ಇವೆ, ಶುರು ಮಾಡಬೇಕಾದದ್ದು ಅಲ್ಲಿಂದ. ಪ್ರೊಟೆಸ್ಟೆಂಟ್ ಚರ್ಚಿನ ಪುಸ್ತಕಗಳ ಚಿತ್ರಗಳು ಆರ್ಕಿಯೋನ್ ಎಂಬ ಜಾಲತಾಣದಲ್ಲಿ ಹಣ ಕೊಟ್ಟರೆ ಸಿಗುತ್ತವೆ.

ಕಾಗುಣಿತ ಒಂದೇ ಇರುತ್ತದೆ ಎಂದುಕೊಂಡರೆ ಕೆಲಸ ಕೆಟ್ಟಿತು. ಜರ್ಮನಿ ಪೂರ್ತಿ ಸರ್ಕಾರಿ ಜನನ ಮರಣ ನೋಂದಣಿ ಬಂದದ್ದು 1876ರ ಜನವರಿ 1ರಂದು. ಅದಕ್ಕೂ ಮೊದಲು ಪಾದ್ರಿಯ ಕಿವಿಗೆ ಬಿದ್ದದ್ದೇ ಬರಹ. ನೈಋತ್ಯ ಜರ್ಮನ್ ಆಡುಮಾತಿನಲ್ಲಿ ಡ ಮತ್ತು ಟ ಒಂದರಲ್ಲೊಂದು ಕರಗಿಹೋಗಿವೆ. ಆದ್ದರಿಂದ ಗುಂಡರ್ಟ್, ಗುಂಟರ್ಟ್, ಗುಂಡಾರ್ಟ್ ಮೂರನ್ನೂ ಹುಡುಕಬೇಕು. ಸ್ವಿಟ್ಜರ್ಲೆಂಡಿನ ಗ್ಲಾರುಸ್‌ನ ಕುಂಡರ್ಟ್‌ಗಳನ್ನು ಮಾತ್ರ ದಾಖಲೆ ಇಲ್ಲದೆ ಇದೇ ಮನೆಗೆ ಸೇರಿಸಬೇಡಿ. ಅಲ್ಲಿ ಕುನ್‌ರಾಟ್ ಎಂಬ ಹೆಸರಿನ ದಾರಿಯೂ ಸಾಧ್ಯ.

ಕೊನೆಗೆ ಲಿಪಿ. ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿ ಸಣ್ಣ 'ಇ' (e) ಅಕ್ಷರ ನೋಡಲು 'ಎನ್' (n) ಇದ್ದಂತೆಯೇ ಇರುತ್ತದೆ. 'ಯು' (u) ಮತ್ತು 'ಎನ್' ನಡುವಿನ ವ್ಯತ್ಯಾಸ ಅಂದರೆ ತಲೆಯ ಮೇಲಿನ ಒಂದು ಸಣ್ಣ ಬಾಗುಗೆರೆ. ಅದು ಮಾಸಿದ್ದರೆ ಸೂಚಿ ಮಾಡಿದವರು ಏನು ಓದಿರುತ್ತಾರೋ ದೇವರಿಗೇ ಗೊತ್ತು. ಹೆಂಗಸರ ಹೆಸರಿಗೆ 18ನೇ ಶತಮಾನದಲ್ಲಿ 'ಇನ್' ಸೇರಿಸುತ್ತಿದ್ದರು, ಗುಂಡರ್ಟ್ ಮನೆಯ ಹೆಣ್ಣುಮಗಳು ಗುಂಡರ್ಟಿನ್. ಅದನ್ನೇ ಬೇರೊಂದು ಮನೆತನ ಎಂದು ತಿಳಿದು ಅಲ್ಲಿಗೇ ಕೈಬಿಟ್ಟ ವಂಶಾವಳಿಗಳು ಬೇಕಾದಷ್ಟಿವೆ.